ಹೊಸ ಹಾಡು, ಹಳೆಯ ಆಟ? ರಿದಮ್ ಗೇಮ್‌ನ ಸೀಕ್ವೆಲ್ ಹೊಸ ಆಟವಾಗುವುದು ಯಾವಾಗ

ರಿದಮ್ ಗೇಮ್ ಸರಣಿಯೊಂದರ ಮುಂದಿನ ಭಾಗ ಹೊರಬಂದಾಗಲೆಲ್ಲ ಕೊಳ್ಳುವವರು ಕೇಳುವುದು ಒಂದೇ ಮಾತು: ಪೂರ್ತಿ ದುಡ್ಡು ಕೊಟ್ಟು ಕೊಳ್ಳಬೇಕಾದ ಹೊಸ ಆಟವೇ ಇದು, ಅಥವಾ ಕೈಯಲ್ಲಿರುವ ಆಟಕ್ಕೇ ಒಂದಷ್ಟು ಹಾಡು ಸೇರಿಸಿ ಹೊಸ ಹೊದಿಕೆ ಹಾಕಿದ್ದಾರೆಯೇ? ಬೇರೆ ಬಗೆಯ ಆಟಗಳಲ್ಲಿ ಈ ಗೊಂದಲ ಕಡಿಮೆ. ಸಾಹಸದ ಆಟವಾದರೆ ಕಥೆ, ಜಾಗ, ಶತ್ರುಗಳು ಎಲ್ಲವೂ ಬದಲಾಗಿರುತ್ತವೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ರಿದಮ್ ಗೇಮ್‌ನಲ್ಲಿ ಪರದೆಯ ಮೇಲೆ ಸರಿದು ಬರುವ ಗುರುತು, ಅದು ಬಂದು ತಾಗುವ ಗೆರೆ, ತಾಳಕ್ಕೆ ಸರಿಯಾಗಿ ಒತ್ತಬೇಕಾದ ಗುಂಡಿ ಹತ್ತು ವರ್ಷವಾದರೂ ಹಾಗೆಯೇ ಇರಬಹುದು. ಹಾಡು ಮಾತ್ರ ಪ್ರತಿ ಸಲ ಬೇರೆ.

ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಏನನ್ನೂ ಹೇಳಲಾಗದು. ಹೆಸರು ಬದಲಾದರೂ ಒಳಗೆ ಏನೂ ಬದಲಾಗದ ಆಟಗಳಿವೆ. ಹೆಸರು ಹಾಗೆಯೇ ಉಳಿದು ಒಳಗೆಲ್ಲ ಬದಲಾದ ಆಟವೂ ಇದೆ. ಆದ್ದರಿಂದ ಮೊದಲು ಒಳಗಿನ ಭಾಗಗಳನ್ನು ನೋಡೋಣ.

## ಹಾಡು ಆಟವಾಗುವುದು ಹೇಗೆ

ಮೊದಲನೆಯದು ಧ್ವನಿ. ವಾದ್ಯದ ಆಕಾರದ ಕಂಟ್ರೋಲರ್ ಹಿಡಿದು ಆಡುವ ಗಿಟಾರ್ ಹೀರೋ, ರಾಕ್ ಬ್ಯಾಂಡ್ ಮಾದರಿಯ ಆಟಗಳಿಗೆ ಹಾಡಿನ ಒಂದೇ ಕಡತ ಸಾಲದು. ಗಿಟಾರ್, ಬೇಸ್, ಡ್ರಮ್, ಗಾಯನ ಬೇರೆ ಬೇರೆ ಟ್ರ್ಯಾಕ್‌ಗಳಾಗಿ ಬೇಕು. ಆಟಗಾರ ಗಿಟಾರ್‌ನ ನೋಟ್ (ಪರದೆಯ ಮೇಲೆ ಸರಿದು ಬರುವ ಗುರುತು) ತಪ್ಪಿಸಿದಾಗ ಆ ಟ್ರ್ಯಾಕ್ ಮಾತ್ರ ಮೌನವಾಗಿ, ಉಳಿದದ್ದು ಮುಂದುವರಿಯಬೇಕಲ್ಲ. ಬಿಡಿ ಟ್ರ್ಯಾಕ್‌ಗಳು ಸಿಗದಿದ್ದರೆ ಅಥವಾ ಮೂಲ ಧ್ವನಿಮುದ್ರಣದ ಹಕ್ಕು ದುಬಾರಿಯಾದರೆ ಹಾಡನ್ನು ಮತ್ತೆ ನುಡಿಸಿಯೇ ಮುದ್ರಿಸಬೇಕು. 2005ರ ಮೊದಲ ಗಿಟಾರ್ ಹೀರೋದಲ್ಲಿದ್ದವು ಬಹುತೇಕ ಹೀಗೆ ಬೇರೆಯವರು ನುಡಿಸಿದ ಕವರ್‌ಗಳೇ.

ಎರಡನೆಯದು ಚಾರ್ಟ್. ಯಾವ ಕ್ಷಣಕ್ಕೆ ಯಾವ ಗುಂಡಿ, ಅದನ್ನು ಎಷ್ಟು ಹೊತ್ತು ಹಿಡಿಯಬೇಕು ಎಂದು ಹೇಳುವ ಪಟ್ಟಿ ಇದು. ರಾಕ್ ಬ್ಯಾಂಡ್‌ನ ಚಾರ್ಟ್‌ಗಳು ಮಿಡಿ ಕಡತಗಳು, ಅಂದರೆ ಧ್ವನಿಯ ಬದಲು ಯಾವ ಸ್ವರ ಯಾವಾಗ ಎಂದಷ್ಟೇ ಬರೆದಿಟ್ಟ ಕಡತಗಳು. ಅವುಗಳಲ್ಲಿ ಒಂದು ಬೀಟ್ ಅಂದರೆ 480 ಟಿಕ್. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ 500 ಮಿಲಿಸೆಕೆಂಡ್, ಒಂದು ಟಿಕ್ ಸುಮಾರು 1.04 ಮಿಲಿಸೆಕೆಂಡ್. ಲೆಕ್ಕ ಇಷ್ಟು ಸೂಕ್ಷ್ಮವಾಗಿರುವುದರಿಂದಲೇ ತಪ್ಪು ಬೇಗ ಬಯಲಾಗುತ್ತದೆ. ವೇಗ ಕಾಯಲು ಕಿವಿಗೆ ಕೇಳಿಸುವ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್ ಟ್ರ್ಯಾಕ್, ಇಟ್ಟುಕೊಳ್ಳದೆ ನುಡಿಸಿದ ಹಾಡುಗಳಲ್ಲಿ ವೇಗ ಅಲ್ಲಲ್ಲಿ ಏರಿಳಿಯುತ್ತದೆ. ಅಂಥವಕ್ಕೆ ಎಲ್ಲಿ ಎಷ್ಟು ವೇಗ ಎಂದು ಹೇಳುವ ಟೆಂಪೋ ನಕ್ಷೆಯನ್ನು ಬಾರ್‌ನಿಂದ ಬಾರ್‌ಗೆ (ಬಾರ್ ಅಂದರೆ ಕೆಲವು ಬೀಟ್‌ಗಳ ಒಂದು ಆವರ್ತ) ಕೈಯಿಂದಲೇ ಕೂರಿಸಬೇಕು. ಒಂದೊಂದು ಬಾರ್‌ನಲ್ಲೂ 10 ಮಿಲಿಸೆಕೆಂಡ್ ಜಾರಿದರೆ ಎಂಟು ಬಾರ್ ದಾಟುವಷ್ಟರಲ್ಲಿ 80 ಮಿಲಿಸೆಕೆಂಡ್ ವ್ಯತ್ಯಾಸ ಬಂದಿರುತ್ತದೆ. ಕಿವಿ ಒಂದು ಹೇಳಿದರೆ ಪರದೆ ಇನ್ನೊಂದು ಹೇಳುತ್ತದೆ.

ಒಂದು ಹಾಡಿಗೆ ಒಂದೇ ಚಾರ್ಟ್ ಸಾಕಾಗುವುದಿಲ್ಲ. ಪ್ರತಿ ವಾದ್ಯಕ್ಕೂ ನಾಲ್ಕು ಕಷ್ಟದ ಹಂತಗಳು. ಸುಲಭದ ಹಂತವೆಂದರೆ ಕಷ್ಟದ್ದರಿಂದ ಕೆಲವು ನೋಟ್ ಕಿತ್ತುಹಾಕಿದ್ದಲ್ಲ. ಯಾವುದನ್ನು ಉಳಿಸಿದರೆ ಹಾಡಿನ ಲಯ ಉಳಿಯುತ್ತದೆ ಎಂದು ಕೇಳಿ ಕೇಳಿ ತೀರ್ಮಾನಿಸಬೇಕು. ಬೇರೆ ಆಟಗಳಲ್ಲಿ ಲೆವೆಲ್ ಎಂದು ಕರೆಯುವುದು ಇಲ್ಲಿ ಚಾರ್ಟ್. ‘ಬರೀ ಹಾಡು ತಾನೇ ಸೇರಿಸಿದ್ದು’ ಎಂದು ತಳ್ಳಿಹಾಕುವವರು ಅದಕ್ಕೆ ಹಿಡಿದ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಆದರೆ ಕೆಲಸ ಹೆಚ್ಚು ಹಿಡಿಯಿತು ಎಂದ ಮಾತ್ರಕ್ಕೆ ಅದು ಹೊಸ ಆಟವೂ ಆಗುವುದಿಲ್ಲ.

ಧ್ವನಿ, ಚಾರ್ಟ್ ಬಿಟ್ಟರೆ ಉಳಿಯುವುದು ನಾಲ್ಕು: ನೋಟ್‌ಗಳನ್ನು ಪರದೆಯಲ್ಲಿ ತೋರಿಸುವ ರೀತಿ, ಕೈಯಲ್ಲಿ ಹಿಡಿಯುವ ಕಂಟ್ರೋಲರ್, ಒತ್ತಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ನಿಯಮ, ಅದಕ್ಕೆ ಅಂಕ ಕೊಡುವ ಲೆಕ್ಕ. ವೇಷಭೂಷಣ, ವೇದಿಕೆ, ಮೆನು, ಕಥೆ ಇವೆಲ್ಲ ಹೊರಗಿನ ಚೌಕಟ್ಟು. ಜಾಹೀರಾತಿನಲ್ಲಿ ಹೆಚ್ಚು ಕಾಣುವುದು ಈ ಚೌಕಟ್ಟು. ಆಟವನ್ನು ಬದಲಿಸುವುದು ಮಾತ್ರ ಮೇಲಿನ ನಾಲ್ಕು.

## ಕಾಣದೆ ಬದಲಾಗುವ ಭಾಗ: ಟೈಮಿಂಗ್ ವಿಂಡೋ

ನೋಟ್ ಗೆರೆಗೆ ತಾಗುವ ಕ್ಷಣವನ್ನು ಸೊನ್ನೆ ಎನ್ನೋಣ. ಅದಕ್ಕಿಂತ ಎಷ್ಟು ಮೊದಲು, ಎಷ್ಟು ತಡವಾಗಿ ಒತ್ತಿದರೂ ಆಟ ಒಪ್ಪುತ್ತದೋ ಆ ಅವಧಿಯೇ ಟೈಮಿಂಗ್ ವಿಂಡೋ. ಬಾಣದ ಗುರುತುಗಳ ಆಟಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಉಚಿತ ತಂತ್ರಾಂಶ ಸ್ಟೆಪ್‌ಮೇನಿಯಾದಲ್ಲಿ ಇದರ ಅಳತೆ ಬಹಿರಂಗವಾಗಿಯೇ ಇದೆ. ತೀರ್ಪಿನ ಬಿಗಿಯನ್ನು ಅದರಲ್ಲಿ ಜಡ್ಜ್ ಹಂತ ಎನ್ನುತ್ತಾರೆ. ಮಾಮೂಲು ಸೆಟ್ಟಿಂಗ್ ಆದ ನಾಲ್ಕನೇ ಹಂತದಲ್ಲಿ, ಅತ್ಯುತ್ತಮ ತೀರ್ಪಿಗೆ ಆಚೀಚೆ 22.5 ಮಿಲಿಸೆಕೆಂಡ್, ಮುಂದಿನವಕ್ಕೆ 45, 90, 135, ಕೊನೆಯದಕ್ಕೆ 180. ಏಳನೇ ಹಂತಕ್ಕೆ ಬದಲಿಸಿದರೆ ಈ ಅಳತೆಗಳು ಅರ್ಧಕ್ಕಿಳಿಯುತ್ತವೆ. 20 ಮಿಲಿಸೆಕೆಂಡ್ ತಡವಾಗಿ ಒತ್ತಿದ ಅದೇ ಕೈಗೆ ನಾಲ್ಕನೇ ಹಂತದಲ್ಲಿ ಮೊದಲ ದರ್ಜೆ, ಏಳರಲ್ಲಿ ಎರಡನೇ ದರ್ಜೆ. ಹಾಡು ಅದೇ, ಚಾರ್ಟ್ ಅದೇ, ಬೆರಳೂ ಅದೇ. ಪ್ರಶ್ನೆಪತ್ರಿಕೆ ಒಂದೇ ಆಗಿದ್ದರೂ ಮೌಲ್ಯಮಾಪನದ ಬಿಗಿ ಬದಲಾದರೆ ಎರಡು ವರ್ಷದ ಅಂಕಗಳನ್ನು ಹೋಲಿಸಲಾಗದು, ಇಲ್ಲೂ ಹಾಗೆಯೇ.

ಒಸು ಎಂಬ ಆಟದಲ್ಲಿ ಈ ಬಿಗಿ ಚಾರ್ಟ್‌ಗೆ ಅಂಟಿಕೊಂಡೇ ಬರುತ್ತದೆ. ಅದರ ಮೂಲ ಆಟದ ಬಗೆಯಲ್ಲಿ ಪೂರ್ಣ ಅಂಕಕ್ಕೆ ಸಿಗುವ ಅವಧಿಯನ್ನು ಲೆಕ್ಕ ಹಾಕುವುದು ಹೀಗೆ: 80ರಿಂದ, ಚಾರ್ಟ್‌ನ ನಿಖರತೆಯ ಅಂಕಿಯ ಆರರಷ್ಟನ್ನು ಕಳೆಯಬೇಕು. ಅಂಕಿ 5 ಇದ್ದರೆ ಆಚೀಚೆ 50 ಮಿಲಿಸೆಕೆಂಡ್, 8 ಇದ್ದರೆ 32, 10 ಇದ್ದರೆ 20. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆಯಲ್ಲಿ ಒಂದು ಚಿತ್ರ ನಿಲ್ಲುವುದೇ 16.7 ಮಿಲಿಸೆಕೆಂಡ್ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡರೆ 20 ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ವಿಂಡೋ ಅಗಲವಾದಷ್ಟೂ ಆಟ ಸುಲಭ ಅಂದುಕೊಳ್ಳುವುದು ಸಹಜ. ವೇಗದ ಹಾಡಿನಲ್ಲಿ ಅಗಲವೇ ತೊಂದರೆ ತರುತ್ತದೆ. ನಿಮಿಷಕ್ಕೆ 180 ಬೀಟ್, ಒಂದು ಬೀಟ್‌ಗೆ ನಾಲ್ಕು ನೋಟ್ ಎಂದಿಟ್ಟುಕೊಳ್ಳಿ. ಎರಡು ನೋಟ್‌ಗಳ ನಡುವೆ 83 ಮಿಲಿಸೆಕೆಂಡ್ ಮಾತ್ರ. ಒಪ್ಪುವ ಅವಧಿ ಆಚೀಚೆ 100 ಇದ್ದರೆ, ಮೊದಲ ನೋಟ್‌ನ ಅವಧಿ ಮುಗಿಯುವ ಮೊದಲೇ ಎರಡನೆಯದರ ಅವಧಿ ಶುರುವಾಗಿರುತ್ತದೆ. ಎರಡೂ ಒಂದೇ ಗುಂಡಿಯವು ಎನ್ನೋಣ. ಆಟಗಾರ ಸೊನ್ನೆಯಿಂದ 60 ಮಿಲಿಸೆಕೆಂಡ್ ಆದ ಮೇಲೆ ಒತ್ತಿದ. ಇದು ಮೊದಲ ನೋಟ್‌ಗೆ 60 ತಡವೇ, ಎರಡನೆಯದಕ್ಕೆ 23 ಮುಂಚೆಯೇ? ‘ಬಾಕಿ ಇರುವುದರಲ್ಲಿ ಹಳೆಯದಕ್ಕೆ ಲೆಕ್ಕ’ ಎಂಬ ನಿಯಮವಿದ್ದರೆ ಮೊದಲನೆಯದು ಸಿಕ್ಕಿತು. ‘ಹತ್ತಿರದ್ದಕ್ಕೆ ಲೆಕ್ಕ’ ಎಂದಾದರೆ ಎರಡನೆಯದು ಸಿಕ್ಕಿತು, ಮೊದಲನೆಯದು ತಪ್ಪಿತು, ಒಂದೂ ತಪ್ಪದೆ ಕೂಡಿಟ್ಟ ಸರಪಳಿ, ಅಂದರೆ ಕಾಂಬೋ, ಮುರಿಯಿತು. ಆಟವನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶ, ಅಂದರೆ ಎಂಜಿನ್, ಬದಲಾದಾಗ ಸದ್ದಿಲ್ಲದೆ ಬದಲಾಗುವುದು ಇಂಥ ನಿಯಮಗಳೇ. ಹೊಸ ಭಾಗದಲ್ಲಿ ಹಳೆಯ ಹಾಡು ಆಡಿದವರು ‘ಏನೋ ಬೇರೆ ಅನ್ನಿಸ್ತಿದೆ’ ಎಂದರೆ ಬಹಳ ಸಲ ಅದು ಭ್ರಮೆಯಾಗಿರುವುದಿಲ್ಲ.

ಗಿಟಾರ್ ಹೀರೋ ಸರಣಿ ಇದಕ್ಕೆ ಒಳ್ಳೆಯ ಪಾಠ. ತಂತಿಯ ಬದಲು ಮೀಟುವ ಸ್ಟ್ರಮ್ ಪಟ್ಟಿ ಎಳೆಯದೆ, ಗಿಟಾರ್‌ನ ಕತ್ತಿನ ಮೇಲಿರುವ ಫ್ರೆಟ್ ಗುಂಡಿಯನ್ನಷ್ಟೇ ಒತ್ತಿ ಅಥವಾ ಬಿಟ್ಟು ನುಡಿಸುವ ಹ್ಯಾಮರ್-ಆನ್, ಪುಲ್-ಆಫ್ ಮೊದಲ ಭಾಗದಲ್ಲಿ ಬಹಳ ಕಟ್ಟುನಿಟ್ಟಾಗಿದ್ದವು. ಬಹುತೇಕರು ಅವನ್ನು ಬಿಟ್ಟು ಎಲ್ಲ ನೋಟ್‌ಗೂ ಸ್ಟ್ರಮ್ ಮಾಡಿಯೇ ಸಾಗುತ್ತಿದ್ದರು. 2006ರ ಎರಡನೇ ಭಾಗದಲ್ಲಿ ಅದನ್ನು ಸಡಿಲಿಸಿದರು. ಮೂರು ಗುಂಡಿಯನ್ನು ಒಟ್ಟಿಗೆ ಒತ್ತುವ ಸ್ವರಮೇಳಗಳು, ಅಭ್ಯಾಸದ ಮೋಡ್, ಇಬ್ಬರು ಕೂಡಿ ಒಬ್ಬರು ಬೇಸ್ ಅಥವಾ ರಿದಮ್ ಗಿಟಾರ್ ನುಡಿಸುವ ಅವಕಾಶ ಸೇರಿದವು. ಪರದೆ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕೈಗೆ ಮಾತ್ರ ಅದು ಬೇರೆಯೇ ಆಟ. 2007ರ ಮೂರನೇ ಭಾಗವನ್ನು ಮೊದಲೆರಡನ್ನು ಮಾಡಿದ ಹಾರ್ಮೋನಿಕ್ಸ್ ಸಂಸ್ಥೆಯ ಬದಲು ನೆವರ್‌ಸಾಫ್ಟ್ ಮಾಡಿತು, ಅದೂ ತನ್ನ ಸ್ಕೇಟ್‌ಬೋರ್ಡ್ ಆಟಗಳ ಎಂಜಿನ್ ಮೇಲೆ. ಹೆಸರಿನಲ್ಲಿ ಅಂಕಿ ಒಂದು ಏರಿತಷ್ಟೇ, ಒಳಗಿನ ಕೋಡ್ ಬೇರೆಯವರದು.

ಅದೇ ವರ್ಷ ಅದೇ ಸರಣಿಯಲ್ಲಿ ಬಂದ ‘ರಾಕ್ಸ್ ದ 80ಸ್’ ಇದರ ಎದುರು ತುದಿ. ಎರಡನೇ ಭಾಗದ ಎಂಜಿನ್, ಅದೇ ನಿಯಮ, ಅವೇ ಮೋಡ್‌ಗಳು, ಹಾಡು 30. ಪೂರ್ತಿ ಆಟದ ಬೆಲೆಗೆ ಮಾರಿದ್ದಕ್ಕೆ ಆಗ ಬಂದ ಟೀಕೆ ಅನ್ಯಾಯವಾಗಿರಲಿಲ್ಲ.

ಇಲ್ಲಿಂದ ಒಂದು ಒರೆಗಲ್ಲು ಸಿಗುತ್ತದೆ. ಹಳೆಯ ಭಾಗದಲ್ಲಿ ಗಳಿಸಿದ ಅಂಕವನ್ನು ಹೊಸ ಭಾಗದ ಪಟ್ಟಿಯಲ್ಲಿ ಪಕ್ಕಪಕ್ಕ ಇಟ್ಟರೆ ನ್ಯಾಯವಾಗುತ್ತದೆಯೇ? ಆಗುವುದಾದರೆ, ಎಷ್ಟೇ ಹಾಡು ಸೇರಿರಲಿ, ಆಡುವವನ ಮಟ್ಟಿಗೆ ಅದು ಅದೇ ಆಟದ ವಿಸ್ತರಣೆ. ಆಗದಿದ್ದರೆ, ಒಂದೂ ಹೊಸ ಹಾಡಿಲ್ಲದಿದ್ದರೂ ಅದು ಹೊಸ ಆಟ.

## ಒರೆಗಲ್ಲಿಗೆ ಹಚ್ಚಿ ನೋಡಿದರೆ

ಒಸು ಆಟದಲ್ಲಿ ಆದದ್ದು ಇದೇ. 2007ರಿಂದ ಇರುವ ಈ ಉಚಿತ ಆಟಕ್ಕೆ ಎರಡನೇ ಭಾಗ ಎಂಬ ಹೆಸರಿನದು ಏನೂ ಬಂದಿಲ್ಲ. ಆದರೆ ಲೇಜರ್ ಎಂಬ ಹೆಸರಿನಲ್ಲಿ ಇಡೀ ಆಟವನ್ನು ಹೊಸದಾಗಿ ಬರೆದರು. ಚಾರ್ಟ್‌ಗಳು ಹಳೆಯವೇ. ಹಳೆಯ ಆವೃತ್ತಿಯಲ್ಲಿ ಸ್ಲೈಡರ್ ಎಂಬ ಉದ್ದನೆಯ ನೋಟ್‌ನ ಆರಂಭವನ್ನು ಸ್ವಲ್ಪ ಹಿಂದೆಮುಂದೆ ಒತ್ತಿದರೂ, ಉಳಿದದ್ದನ್ನು ಸರಿಯಾಗಿ ಹಿಡಿದರೆ ಪೂರ್ಣ ಅಂಕ ಸಿಗುತ್ತಿತ್ತು. ಲೇಜರ್‌ನಲ್ಲಿ ಆರಂಭದ ಒತ್ತಿಗೂ ಬೇರೆಯಾಗಿ ನಿಖರತೆಯ ತೀರ್ಪು ಬೀಳುತ್ತದೆ. ಹಳೆಯ ಅಂಕಗಳನ್ನು ಹಾಗೇ ಬೆರೆಸಲಾಗದ್ದರಿಂದ ಅವಕ್ಕೆ ‘ಕ್ಲಾಸಿಕ್’ ಎಂಬ ಗುರುತು ಅಂಟಿಸಿದರು. ಹೆಸರಿಗೆ ಸೀಕ್ವೆಲ್ ಅಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಗೆರೆ ಎಳೆದಾಯಿತು.

ಗೆರೆ ಎಳೆದಂತೆ ಕಂಡರೂ ಎಳೆಯದ ಸಂದರ್ಭವೂ ಇದೆ. ಕಾಲಿನಿಂದ ಬಾಣ ತುಳಿದು ಆಡುವ 2008ರ ಡಾನ್ಸ್ ಡಾನ್ಸ್ ರೆವಲ್ಯೂಷನ್ ಎಕ್ಸ್‌ನಲ್ಲಿ ಹಾಡುಗಳ ಕಷ್ಟದ ಅಳತೆಯನ್ನು 1ರಿಂದ 10ರ ಬದಲು 1ರಿಂದ 20ಕ್ಕೆ ವಿಸ್ತರಿಸಿದರು. ಒಂಬತ್ತು ಎಂದಿದ್ದ ಹಾಡು ಹನ್ನೆರಡೋ ಹದಿಮೂರೋ ಆಯಿತು. ಕಾಲಡಿಯ ಬಾಣಗಳು ಒಂದೂ ಕದಲಿಲ್ಲ. ಅಂಕಿ ನೋಡಿ ಹಾಡು ಕಷ್ಟವಾಯಿತೆಂದುಕೊಂಡರೆ ಮೋಸಹೋದಂತೆ.

ಇನ್ನು ಎಲೀಟ್ ಬೀಟ್ ಏಜೆಂಟ್ಸ್. ಜಪಾನಿನಲ್ಲಿ 2005ರಲ್ಲಿ ಬಂದ ಆಟವೊಂದನ್ನು ಇಟ್ಟುಕೊಂಡು ಐನಿಸ್ ಸಂಸ್ಥೆ 2006ರಲ್ಲಿ ಅಮೆರಿಕದ ಆಟಗಾರರಿಗಾಗಿ ಮಾಡಿದ್ದು. ಪಾತ್ರ, ಕಥೆ, ಹಾಡು ಎಲ್ಲ ಬೇರೆ. ಕುಗ್ಗುತ್ತ ಬರುವ ವೃತ್ತ ಸರಿಯಾದ ಅಳತೆಗೆ ಬಂದಾಗ ಪರದೆ ಮುಟ್ಟುವ ಆಟದ ರೀತಿ ಮಾತ್ರ ಅದೇ. ಎರಡರಲ್ಲೂ ಇರುವ ಚಾರ್ಟ್ ಒಂದೂ ಇಲ್ಲದ್ದರಿಂದ ಅಂಕ ಹೋಲಿಸುವ ಮಾತೇ ಬರುವುದಿಲ್ಲ. ಹೊಸ ಆಟ ಎಂದು ಒಪ್ಪಲು ಅಡ್ಡಿಯಿಲ್ಲ. ಆದರೂ ಮೊದಲಿನದನ್ನು ಆಡಿದವನ ಕೈ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ಒರೆಗಲ್ಲಿಗೂ ಮಿತಿಯಿದೆ ಎಂದು ತೋರಿಸುವ ಉದಾಹರಣೆ ಇದು.

## ಕಂಟ್ರೋಲರ್ ಬದಲಾದರೆ ವಾದವೇ ಬೇಡ

ಕೊನಾಮಿಯ ಬೀಟ್‌ಮೇನಿಯಾ 1997ರಲ್ಲಿ ಬಂದಾಗ ಅದಕ್ಕಿದ್ದದ್ದು ಐದು ಕೀ, ಡಿಜೆಗಳು ತಿರುಗಿಸುವಂಥ ತಟ್ಟೆ (ಟರ್ನ್‌ಟೇಬಲ್) ಒಂದು. 1999ರ ಬೀಟ್‌ಮೇನಿಯಾ ಟೂ ಡಿಎಕ್ಸ್‌ನಲ್ಲಿ ಕೀಗಳು ಏಳಾದವು. ಎರಡು ಕೀ ಹೆಚ್ಚಾದದ್ದಕ್ಕೆ ಬೆರಳು ಇಡುವ ಕ್ರಮವೇ ಬದಲಾಗುತ್ತದೆ. ಐದರಲ್ಲಿ ಪಳಗಿದವನು ಏಳಕ್ಕೆ ಹೋದರೆ ಬಹುಮಟ್ಟಿಗೆ ಮೊದಲಿನಿಂದ ಕಲಿಯಬೇಕು. ಐದು ಕೀಯ ಸರಣಿ 2002ರವರೆಗೆ ಬೇರೆಯಾಗಿಯೇ ನಡೆದು ನಿಂತಿತು.

2015ರ ಗಿಟಾರ್ ಹೀರೋ ಲೈವ್‌ನಲ್ಲಿ ಒಂದೇ ಸಾಲಿನ ಐದು ಗುಂಡಿ ಹೋಗಿ, ಮೂರು ಮೂರರ ಎರಡು ಸಾಲು ಬಂತು. ಹಳೆಯ ಗಿಟಾರ್ ಕೆಲಸಕ್ಕೆ ಬಾರದು, ಹಳೆಯ ಹಾಡೂ ಬಾರದು. ಯಾವ ಕಡೆಯಿಂದ ನೋಡಿದರೂ ಹೊಸ ಆಟ. ಅದರ ಡಿಸ್ಕ್‌ನಲ್ಲಿದ್ದದ್ದು 42 ಹಾಡು. ಉಳಿದ ನೂರಾರು ಹಾಡುಗಳು ಸರ್ವರ್‌ನಿಂದ ಹರಿದು ಬರುತ್ತಿದ್ದವು. 2018ರ ಡಿಸೆಂಬರ್‌ನಲ್ಲಿ ಸರ್ವರ್ ನಿಲ್ಲಿಸಿದಾಗ ಉಳಿದದ್ದು ಆ 42 ಮಾತ್ರ.

## ಪ್ಯಾಕ್ ಬದಲು ಸೀಕ್ವೆಲ್ ಏಕೆ

ಹಾಡು ಸೇರಿಸುವುದಷ್ಟೇ ಉದ್ದೇಶವಾದರೆ ಡೌನ್‌ಲೋಡ್ ಪ್ಯಾಕ್ ಸಾಕಲ್ಲ ಎಂಬುದು ಸಹಜ ಪ್ರಶ್ನೆ. 2000ದ ಆಸುಪಾಸಿನಲ್ಲಿ ಅದು ಸಾಧ್ಯವಿರಲಿಲ್ಲ. ಆಟದ ಮಳಿಗೆಗಳಲ್ಲಿ ದುಡ್ಡು ಹಾಕಿ ಆಡುವ ಆರ್ಕೇಡ್ ಯಂತ್ರಕ್ಕೂ ಮನೆಯ ಪ್ಲೇಸ್ಟೇಷನ್‌ಗೂ ಹೊಸ ಹಾಡು ತಲುಪಬೇಕಾದರೆ ಹೊಸ ಡಿಸ್ಕ್ ಬೇಕಿತ್ತು. ಡೌನ್‌ಲೋಡ್ ಬಂದ ಮೇಲೂ ಉಳಿದ ಕಾರಣ ಹಕ್ಕು. ಒಂದು ಹಾಡಿಗೆ ಎರಡು ಅನುಮತಿ ಬೇಕು: ರಚನೆಯ ಹಕ್ಕುದಾರರದು ಒಂದು, ಧ್ವನಿಮುದ್ರಣದ ಹಕ್ಕುದಾರರದು ಇನ್ನೊಂದು. ಕವರ್ ಮಾಡಿಸಿದರೆ ಎರಡನೆಯದು ತಪ್ಪುತ್ತದೆ, ಮೊದಲನೆಯದು ತಪ್ಪುವುದಿಲ್ಲ. ಒಪ್ಪಂದದಲ್ಲಿ ಯಾವ ಆಟ, ಎಷ್ಟು ಅವಧಿ, ಯಾವ ರೂಪದ ಮಾರಾಟ ಎಂದು ಬರೆದಿರುತ್ತದೆ. ಒಂದು ಆಟಕ್ಕೆ ಪಡೆದ ಅನುಮತಿ ಮುಂದಿನದಕ್ಕೆ ತಾನಾಗಿ ವಿಸ್ತರಿಸುವುದಿಲ್ಲ.

ರಾಕ್ ಬ್ಯಾಂಡ್ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿತು. 2007ರ ಮೊದಲ ಭಾಗದಲ್ಲಿ 58 ಹಾಡು. ಮರುವರ್ಷದ ಎರಡನೇ ಭಾಗದ ಡಿಸ್ಕ್‌ನಲ್ಲಿ 84. ಸಣ್ಣ ಶುಲ್ಕ ಕಟ್ಟಿ ಹಳೆಯ ಹಾಡುಗಳನ್ನು ಹೊಸದಕ್ಕೆ ಸಾಗಿಸಬಹುದಿತ್ತು. ಆದರೆ 58ರಲ್ಲಿ 55 ಮಾತ್ರ ಸಾಗಿದವು. ಉಳಿದ ಮೂರಕ್ಕೆ ಹಕ್ಕು ಸಿಗಲಿಲ್ಲ. 2009ರ ‘ದ ಬೀಟಲ್ಸ್: ರಾಕ್ ಬ್ಯಾಂಡ್’ನ 45 ಹಾಡುಗಳು ಆ ಡಿಸ್ಕ್ ಬಿಟ್ಟು ಹೊರಗೆ ಬರಲೇ ಇಲ್ಲ. ಮೂರು ದನಿಗಳು ಕೂಡಿ ಹಾಡುವ ವ್ಯವಸ್ಥೆ ಅದರಲ್ಲಿ ಹೊಸದಾಗಿತ್ತು ನಿಜ. ಆದರೆ ಅದು ಬೇರೆಯೇ ಆಟವಾಗಿ ನಿಂತದ್ದಕ್ಕೆ ಎಂಜಿನ್‌ಗಿಂತ ಹಾಡುಗಳಿಗೆ ಹಾಕಿದ ಬೇಲಿ ದೊಡ್ಡ ಕಾರಣ.

## ಅಂಕಿ ಬರೀ ಕ್ಯಾಲೆಂಡರ್ ಆದಾಗ

ಆರ್ಕೇಡ್‌ನಲ್ಲಿ ಸಂಖ್ಯೆಯ ಅರ್ಥವೇ ಬೇರೆ. ಬೀಟ್‌ಮೇನಿಯಾ ಟೂ ಡಿಎಕ್ಸ್‌ನ 30ನೇ ಆವೃತ್ತಿ 2022ರಲ್ಲಿ ಬಂತು. ಹೊಸ ಆವೃತ್ತಿ ಬಂದಾಗ ಯಂತ್ರದಲ್ಲಿರುವ ಹಳೆಯದರ ಮೇಲೆಯೇ ಅದನ್ನು ಹಾಕುತ್ತಾರೆ. ಹಳೆಯ ಹಾಡುಗಳಲ್ಲಿ ಬಹುಪಾಲು ಉಳಿಯುತ್ತವೆ, ಕೆಲವು ಹೋಗುತ್ತವೆ, ಆಟಗಾರನ ದಾಖಲೆ ಕಾರ್ಡ್‌ನ ಮೂಲಕ ಮುಂದಕ್ಕೆ ಸಾಗುತ್ತದೆ. ಇದನ್ನು ಮೂವತ್ತನೇ ಆಟ ಎನ್ನುವುದಕ್ಕಿಂತ ಒಂದೇ ಆಟದ ಮೂವತ್ತನೇ ಋತು ಎನ್ನುವುದು ಸರಿ.

ಯೂಬಿಸಾಫ್ಟ್‌ನ ಜಸ್ಟ್ ಡಾನ್ಸ್ ಮನೆಯ ಕನ್ಸೋಲ್‌ಗೂ ಇದೇ ಪದ್ಧತಿ ತಂದಿತು. 2009ರಿಂದ ಪ್ರತಿ ವರ್ಷ ಬೇರೆ ಬೇರೆ ಆಟವಾಗಿ ಬರುತ್ತಿದ್ದದ್ದು, 2023ರ ಆವೃತ್ತಿಯಿಂದ ಒಂದೇ ಆ್ಯಪ್ ಆಯಿತು. 2024, 2025ರವು ಅದರೊಳಗೆ ಸೇರುವ ಹಾಡುಗಳ ಕಂತು. ಅಂಗಡಿಯಲ್ಲಿ ಬೇರೆ ಪೆಟ್ಟಿಗೆ ಕಂಡರೂ ತೆರೆದುಕೊಳ್ಳುವುದು ಅದೇ ಆ್ಯಪ್.

## ಕೊಳ್ಳುವ ಮೊದಲು ನೋಡಬೇಕಾದದ್ದು

ಮೊದಲು ಅಂಗಡಿಯ ಪುಟದಲ್ಲಿ ‘ಮೂಲ ಆಟ ಬೇಕು’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಅದು ಪ್ಯಾಕ್, ಹೆಸರು ಏನೇ ಇರಲಿ. ಇಲ್ಲದಿದ್ದರೆ ಹಳೆಯ ಹಾಡು ಬರುತ್ತದೆಯೇ, ಬಂದರೆ ಯಾವ ಕನ್ಸೋಲ್‌ನಿಂದ ಯಾವುದಕ್ಕೆ ಎಂದು ಹುಡುಕಿ. 2015ರ ರಾಕ್ ಬ್ಯಾಂಡ್ 4ರಲ್ಲಿ ಹಿಂದೆ ಕೊಂಡ ಹಾಡುಗಳು ಎಕ್ಸ್‌ಬಾಕ್ಸ್‌ನಿಂದ ಎಕ್ಸ್‌ಬಾಕ್ಸ್‌ಗೆ, ಪ್ಲೇಸ್ಟೇಷನ್‌ನಿಂದ ಪ್ಲೇಸ್ಟೇಷನ್‌ಗೆ ಬಂದವು; ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿ ಇರಲಿಲ್ಲ. ಹಳೆಯ ಕಂಟ್ರೋಲರ್‌ಗೂ ಇದೇ ಪ್ರಶ್ನೆ ಕೇಳಬೇಕು. ಎಕ್ಸ್‌ಬಾಕ್ಸ್ 360ರ ನಿಸ್ತಂತು ಗಿಟಾರ್‌ಗಳನ್ನು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಬಳಸಲು ಬೇರೆಯಾಗಿ ಅಡಾಪ್ಟರ್ ಬೇಕಾಗಿತ್ತು, ಅದಿಲ್ಲದೆ ಗಿಟಾರ್ ಬರೀ ಪ್ಲಾಸ್ಟಿಕ್.

ಎರಡೂ ಭಾಗಗಳಲ್ಲಿ ಇರುವ ಒಂದು ಹಾಡು ಸಿಕ್ಕರೆ ವ್ಯತ್ಯಾಸವನ್ನು ನೀವೇ ಅಳೆಯಬಹುದು, ಆದರೆ ಕ್ಯಾಲಿಬ್ರೇಷನ್, ಅಂದರೆ ಧ್ವನಿ ಮತ್ತು ಚಿತ್ರ ತಲುಪುವಲ್ಲಿ ಆಗುವ ತಡವನ್ನು ಆಟಕ್ಕೆ ಹೊಂದಿಸುವುದು, ಮಾಡದೆ ಅಳೆದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಟಿವಿ ಚಿತ್ರವನ್ನು ಸಂಸ್ಕರಿಸಲು ಹತ್ತಾರು ಮಿಲಿಸೆಕೆಂಡ್ ತೆಗೆದುಕೊಳ್ಳಬಹುದು. ಬ್ಲೂಟೂತ್ ಹೆಡ್‌ಫೋನ್ ಅದಕ್ಕಿಂತ ಹೆಚ್ಚು ತಡ ಮಾಡಬಹುದು. ಸ್ಪೀಕರ್‌ನಿಂದ ದೂರ ಕೂತರೆ ಮೀಟರ್‌ಗೆ ಸುಮಾರು 3 ಮಿಲಿಸೆಕೆಂಡ್ ಸೇರುತ್ತದೆ. ಮೊದಲು ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿ. ಆಮೇಲೆ ಪರದೆ ನೋಡದೆ ಧ್ವನಿಯ ಕ್ಯಾಲಿಬ್ರೇಷನ್, ಬಳಿಕ ಧ್ವನಿ ನಿಲ್ಲಿಸಿ ಚಿತ್ರದ್ದು. ಹಳೆಯ ಆಟದಲ್ಲಿ ಹೊಂದಿಸಿದ್ದ ಅಂಕಿಯನ್ನು ಹೊಸದಕ್ಕೆ ನಕಲು ಮಾಡಬೇಡಿ: ಒಂದರಲ್ಲಿ ಧನ ಸಂಖ್ಯೆಯೆಂದರೆ ತಡ, ಇನ್ನೊಂದರಲ್ಲಿ ಅದೇ ಮುಂಚೆ ಎಂದಿರಬಹುದು. ಕ್ಯಾಲಿಬ್ರೇಷನ್ ಆದ ಮೇಲೆ ಹಾಡನ್ನು ಎರಡರಲ್ಲೂ ಒಂದೇ ಕಷ್ಟದ ಹಂತದಲ್ಲಿ ನಾಲ್ಕೈದು ಸಲ ಆಡಿ, ‘ಬೇಗ’, ‘ತಡ’ ಎಂದು ಆಟ ಕೊಡುವ ಎಣಿಕೆ ನೋಡಿ. ಎಲ್ಲ ಒತ್ತುಗಳೂ ಒಂದೇ ಕಡೆಗೆ ವಾಲಿದ್ದರೆ ಕ್ಯಾಲಿಬ್ರೇಷನ್ ಇನ್ನೂ ಸರಿಯಾಗಿಲ್ಲ. ವಾಲಿಕೆ ಇಲ್ಲದೆಯೂ ಉತ್ತಮ ತೀರ್ಪುಗಳು ಒಂದರಲ್ಲಿ ಪ್ರತಿ ಸಲ ಕಡಿಮೆ ಬರುತ್ತಿದ್ದರೆ, ಬದಲಾಗಿರುವುದು ವಿಂಡೋ.

ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ರಾಕ್ ಬ್ಯಾಂಡ್‌ನ ಕೆಲವು ಡಿಸ್ಕ್‌ಗಳ ಹಾಡುಗಳನ್ನು ಬೇರೆ ಭಾಗಕ್ಕೆ ಸಾಗಿಸಲು ಬೇಕಾದ ಕೋಡ್ ಪೆಟ್ಟಿಗೆಯೊಳಗೆ ಅಚ್ಚಾಗಿರುತ್ತಿತ್ತು, ಅದು ನಡೆಯುತ್ತಿದ್ದದ್ದು ಒಮ್ಮೆ ಮಾತ್ರ. ಮೊದಲ ಒಡೆಯ ಬಳಸಿಬಿಟ್ಟಿದ್ದರೆ ಆ ಹಾಡುಗಳನ್ನು ಆಡಬೇಕೆಂದಾಗಲೆಲ್ಲ ಆ ಡಿಸ್ಕನ್ನೇ ಹಾಕಬೇಕು.